ಅಂಗಿಯೊಳಗಿನ ಹೋಲ್‌ಸ್ಟರ್

ಮಸ್ಕತ್ತಿನಲ್ಲಿರುವ ನಮ್ಮ ಕಡೆಯವರ ಪೈಕಿ ಸಕ್ಕರೆ ಕಾಯಿಲೆಯನ್ನು ಬರೀ ಹಾಗಲಕಾಯಿಯಿಂದ ಸೋಲಿಸಿದವರು ಶೈಲೇಶ್ ಭಂಡಾರಿಯವರೊಬ್ಬರೇ ಎಂದು ಎಲ್ಲರಿಗೂ ಗೊತ್ತಿತ್ತು. ಗೊತ್ತಾಗದೆ ಇರುವ ಅವಕಾಶವನ್ನು ಅವರು ಯಾರಿಗೂ ಕೊಟ್ಟಿರಲಿಲ್ಲ.

ಮೂಲ ಕಿನ್ನಿಗೋಳಿ. ರೂವಿಯ ಒಂದು ಕಟ್ಟಡ ಕಂಪನಿಯಲ್ಲಿ ಸೇಫ್ಟಿ ಆಫೀಸರ್. ಅಂದರೆ ನಲವತ್ತನಾಲ್ಕು ಡಿಗ್ರಿ ಬಿಸಿಲಲ್ಲಿ ಕಂಬಿ ಕಟ್ಟುವವರ ಮುಂದೆ ನಿಂತು, ಏಣಿ ಹತ್ತುವ ಮೊದಲು ಏಣಿಯನ್ನು ಒಮ್ಮೆ ನೋಡಬೇಕು ಎಂದು ಉಪದೇಶ ಮಾಡುವ ಉದ್ಯೋಗ. ಎರಡು ವರ್ಷದ ಹಿಂದೆ ರಕ್ತದಲ್ಲಿ ಸಕ್ಕರೆ ಜಾಸ್ತಿಯಾಗಿದೆ ಎಂದು ತಿಳಿದಾಗ ಅವರು ಡಾಕ್ಟರು ಕೊಟ್ಟ ಮಾತ್ರೆ ತೆಗೆದುಕೊಂಡರು, ಅನ್ನ ಕಡಿಮೆ ಮಾಡಿದರು, ದಿನಕ್ಕೆ ಒಂದು ಗಂಟೆ ನಡೆದರು, ಬೆಳಗ್ಗೆ ಎದ್ದು ಹಾಗಲಕಾಯಿ ರಸ ಕುಡಿದರು. ಮೂರು ತಿಂಗಳಲ್ಲಿ ಸಕ್ಕರೆ ಇಳಿಯಿತು. ಇಳಿಸಿದ್ದು ಮಾತ್ರೆಯೋ, ನಡಿಗೆಯೋ, ರಸವೋ ಎಂಬ ಪ್ರಶ್ನೆ ಬಂದಾಗ, ವಿಡಿಯೊದಲ್ಲಿ ಚೆನ್ನಾಗಿ ಕಾಣುವುದು ಯಾವುದೋ ಅದನ್ನೇ ಅವರು ಆರಿಸಿಕೊಂಡರು.

ಹೀಗೆ 'ಕಹಿಯೇ ಸಿಹಿ' ಎಂಬ ವಾಟ್ಸಾಪ್ ಗುಂಪು ಹುಟ್ಟಿತು. ಇನ್ನೂರ ಹದಿನಾಲ್ಕು ಜನ. ಪ್ರತಿ ಶುಕ್ರವಾರ ಬೆಳಗ್ಗೆ ರಿಯಾಮ್ ಪಾರ್ಕಿನಲ್ಲಿ ಸೂರ್ಯ ನಮಸ್ಕಾರ, ನಡಿಗೆ, ತಲಾ ಒಂದು ಲೋಟ ಹಸಿರು ರಸ, ಕೊನೆಗೆ ಭಂಡಾರಿಯವರ ಭಾಷಣ. ಜನ ಅವರನ್ನು ಮಾಷ್ಟ್ರೇ ಎಂದು ಕರೆಯತೊಡಗಿದರು. 'ಸೂಜಿ ಡಾಕ್ಟರ ಹೊಟ್ಟೆಗೆ, ಹಾಗಲಕಾಯಿ ನಮ್ಮ ಹೊಟ್ಟೆಗೆ' ಎಂಬುದು ಅವರೇ ಕಟ್ಟಿದ ಘೋಷಣೆ. ಟೀ ಶರ್ಟಿನ ಬೆನ್ನ ಮೇಲೆ ಅದನ್ನು ಅಚ್ಚು ಹಾಕಿಸಿದ್ದೂ ಆಗಿತ್ತು.

ಕಳೆದ ಏಪ್ರಿಲಿನಲ್ಲಿ ರುಸ್ತಾಕ್‌ನ ಸೈಟಿನಲ್ಲಿ, ನೀರು ಕುಡಿಯುವುದರ ಮಹತ್ವದ ಬಗ್ಗೆ ಕಾರ್ಮಿಕರಿಗೆ ಹೇಳುತ್ತಿದ್ದಾಗ, ಮಾಷ್ಟ್ರು ವಾಂತಿ ಮಾಡಿಕೊಂಡು ಕುಸಿದರು. ಅವರನ್ನು ಎತ್ತಿಕೊಂಡು ಹೋದವರು ಅದೇ ಕಂಬಿ ಕಟ್ಟುವವರು. ಆಸ್ಪತ್ರೆಯಲ್ಲಿ ಎರಡು ದಿನ ಬೇರೆ ಬೇರೆ ರಕ್ತಪರೀಕ್ಷೆ ಮಾಡಿ ಡಾಕ್ಟರು ಬಂದು ಕುರ್ಚಿ ಎಳೆದುಕೊಂಡು ಕೂತರು.

"ನಿಮ್ಮದು ನೀವು ತಿಳಿದುಕೊಂಡ ಜಾತಿಯ ಸಕ್ಕರೆ ಕಾಯಿಲೆ ಅಲ್ಲ. ನಿಮ್ಮ ದೇಹ ಇನ್ಸುಲಿನ್ ತಯಾರಿಸುವುದನ್ನೇ ನಿಧಾನಕ್ಕೆ ನಿಲ್ಲಿಸುತ್ತಾ ಬಂದಿದೆ. ಮೊದಲೆರಡು ವರ್ಷ ಸ್ವಲ್ಪ ಉಳಿದಿತ್ತು, ಅದಕ್ಕೇ ಚೆನ್ನಾಗಿದ್ದಿರಿ. ಇನ್ನು ಹೊರಗಿನಿಂದ ಕೊಡದೆ ದಾರಿಯಿಲ್ಲ."

"ಹಾಗಾದ್ರೆ ಹಾಗಲಕಾಯಿ?" ಎಂದು ಕೇಳಿದರು ಭಂಡಾರಿಯವರು.

"ಪಲ್ಯ ಚೆನ್ನಾಗಿರುತ್ತದೆ" ಎಂದರು ಡಾಕ್ಟರು.

ಒಂದು ತಿಂಗಳು ದಿನಕ್ಕೆ ನಾಲ್ಕು ಸಲ ಸೂಜಿ ಚುಚ್ಚಿಕೊಂಡದ್ದಾಯಿತು. ಇವರದು ಸೈಟಿನಿಂದ ಸೈಟಿಗೆ ಓಡುವ ಕೆಲಸ, ಊಟಕ್ಕೆ ಹೊತ್ತುಗೊತ್ತಿಲ್ಲ, ಸಕ್ಕರೆ ಒಮ್ಮೆ ಆಕಾಶಕ್ಕೆ ಒಮ್ಮೆ ಪಾತಾಳಕ್ಕೆ. ಕೊನೆಗೆ ಡಾಕ್ಟರು ಇನ್ಸುಲಿನ್ ಪಂಪ್ ಹಾಕಿಸಿದರು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಯಂತ್ರ. ಅದರಿಂದ ಹೊರಟ ತೆಳ್ಳಗಿನ ಕೊಳವೆ ಹೊಟ್ಟೆಯ ಚರ್ಮಕ್ಕೆ ಅಂಟಿಕೊಂಡಿರುತ್ತದೆ. ಹಗಲೂ ರಾತ್ರಿ ಹನಿಹನಿಯಾಗಿ ಇನ್ಸುಲಿನ್ ಒಳಗೆ ಹೋಗುತ್ತಿರುತ್ತದೆ. ಅದನ್ನು ಬಳಸುವುದು ಹೇಗೆಂದು ತೋರಿಸಿಕೊಟ್ಟ ನರ್ಸ್ ಜೆಸ್ಸಿಕಾ ಶಿರ್ವದವಳು.

"ಇದಕ್ಕೆ ಕ್ಲಿಪ್ ಉಂಟು ಸಾರ್. ಬೆಲ್ಟಿಗೆ ಸಿಕ್ಕಿಸಿಕೊಳ್ಳಿ, ಆಯ್ತು."

"ಬೆಲ್ಟಲ್ಲಿದ್ರೆ ಕಾಣ್ತದಲ್ಲ?"

"ಕಂಡ್ರೆ ಎಂಥ ಆಗ್ತದೆ ಸಾರ್?"

ಎಂಥ ಆಗುತ್ತದೆ ಎಂದು ಜೆಸ್ಸಿಕಾಳಿಗೆ ಹೇಗೆ ಗೊತ್ತಾಗಬೇಕು? ಅವಳಿಗೆ ಇನ್ನೂರ ಹದಿನಾಲ್ಕು ಜನ ಶಿಷ್ಯರಿರಲಿಲ್ಲ.

ಅಂದಿನಿಂದ ಭಂಡಾರಿಯವರ ಜೀವನದ ಉದ್ದೇಶ ಒಂದೇ ಆಯಿತು. ಯಂತ್ರ ಮೈಮೇಲೆ ಇರಬೇಕು, ಬೀಳಬಾರದು, ನೋಯಿಸಬಾರದು, ಯಾರಿಗೂ ಕಾಣಬಾರದು. ಇದನ್ನೇ ಅವರು ಇಂಗ್ಲಿಷಿನಲ್ಲಿ ಟೈಪ್ ಮಾಡಿ ಹುಡುಕಿದಾಗ, ಇಂಟರ್ನೆಟ್ ಅವರನ್ನು ಆಸ್ಪತ್ರೆಗಳ ಕಡೆಗಲ್ಲ, ನೇರವಾಗಿ ಅಮೆರಿಕದ ಪಿಸ್ತೂಲು ಪ್ರಿಯರ ಕಡೆಗೆ ಕರೆದುಕೊಂಡು ಹೋಯಿತು. ಅಲ್ಲಿ ಜನ ದಿನಬೆಳಗಾದರೆ ಅಂಗಿಯೊಳಗೆ ಪಿಸ್ತೂಲು ಇಟ್ಟುಕೊಂಡು ಹಾಲು ತರಲು ಹೋಗುತ್ತಾರಂತೆ. ಆ ಪಿಸ್ತೂಲನ್ನು ಹಿಡಿದಿಡುವ ಚೀಲಕ್ಕೆ ಹೋಲ್‌ಸ್ಟರ್ ಎಂದು ಹೆಸರು. ಯಾವ ಹೋಲ್‌ಸ್ಟರ್ ಸೊಂಟಕ್ಕೆ ಹಿತ, ಯಾವುದು ಓಡುವಾಗ ಜಾರುವುದಿಲ್ಲ, ಯಾವುದು ತೆಳು ಅಂಗಿಯ ಮೇಲೂ ಉಬ್ಬು ತೋರಿಸುವುದಿಲ್ಲ ಎಂದು ಅವರು ಗಂಟೆಗಟ್ಟಲೆ ಚರ್ಚೆ ಮಾಡುತ್ತಾರೆ. ಇವರಿಗಿಂತ ಹೊಟ್ಟೆ ದೊಡ್ಡದಿದ್ದ ಗಡ್ಡದವನೊಬ್ಬನಂತೂ ವಿಡಿಯೊದಲ್ಲಿ ಬಗ್ಗಿ, ಎದ್ದು, ಕುಣಿದು, ಮಗುವನ್ನು ಎತ್ತಿ ತೋರಿಸುತ್ತಿದ್ದ. ಭಂಡಾರಿಯವರಿಗೆ ಬಹಳ ದಿನಗಳ ಮೇಲೆ ತಮ್ಮ ಕಷ್ಟ ಅರ್ಥವಾಗುವ ಒಬ್ಬ ಮನುಷ್ಯ ಸಿಕ್ಕಂತಾಯಿತು.

ಹೆಂಡತಿ ಅಕ್ಷಿತಾ ಖಾಸಗಿ ಶಾಲೆಯೊಂದರಲ್ಲಿ ಲೆಕ್ಕದ ಟೀಚರು. ಉತ್ತರ ಪತ್ರಿಕೆ ತಿದ್ದುತ್ತಿದ್ದವಳು ತಲೆಯೆತ್ತಿ ನೋಡಿದಳು.

"ನಿಮ್ಗೆ ಈಗ ಬಂದೂಕು ಬೇರೆ ಬೇಕಾ?"

"ಬಂದೂಕಲ್ಲ ಮಾರಾಯ್ತಿ. ಅದರ ಚೀಲ."

"ಎಲ್ರ ಎದುರು ಒಂದ್ಸಲ ಹೇಳಿಬಿಡಿ, ನಂಗೆ ಪಂಪ್ ಉಂಟು ಅಂತ. ಒಂದು ನಿಮಿಷದ ಕೆಲಸ."

"ಸಮಯ ಬರ್ಲಿ, ಹೇಳುವ."

ಸಮಯ ಬರುವ ಬದಲು ಪಾರ್ಸೆಲ್ ಬಂತು. ಅಂದರೆ ಅರ್ಧ ದಾರಿವರೆಗೆ ಬಂತು. ಪೆಟ್ಟಿಗೆಯ ಮೇಲೆ ಹೋಲ್‌ಸ್ಟರ್ ಎಂದು ದಪ್ಪ ಅಕ್ಷರದಲ್ಲಿ ಬರೆದಿದ್ದರಿಂದ ಕಸ್ಟಮ್ಸ್‌ನವರು ಅದನ್ನು ಹಿಡಿದಿಟ್ಟು, ಭಂಡಾರಿಯವರಿಗೆ ಫೋನ್ ಮಾಡಿ ಕರೆಸಿದರು. ಅಲ್ಲಿದ್ದ ಅಧಿಕಾರಿ ಬಿಳಿ ಗಡ್ಡದ, ಸಮಾಧಾನದ ಮನುಷ್ಯ. ಅಗಲವಾದ ಎಲಾಸ್ಟಿಕ್ ಪಟ್ಟಿಯನ್ನು ಮೇಜಿನ ಮೇಲೆ ಹರಡಿ, ಹರುಕು ಹಿಂದಿಯಲ್ಲಿ ಕೇಳಿದರು.

"ಸದೀಕ್, ದೋಸ್ತ್, ಚೀಲ ಇಲ್ಲಿದೆ. ಪಿಸ್ತೂಲು ಎಲ್ಲಿ?"

"ಪಿಸ್ತೂಲು ಇಲ್ಲ ಸಾರ್."

"ಪಿಸ್ತೂಲು ಇಲ್ಲದವನಿಗೆ ಚೀಲ ಯಾಕೆ?"

ಭಂಡಾರಿಯವರು ಆಚೆ ಈಚೆ ನೋಡಿದರು. ಊರಿನವರು ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಅಂಗಿ ಎತ್ತಿದರು. ಅಧಿಕಾರಿ ಯಂತ್ರವನ್ನು ನೋಡಿದರು, ಕೊಳವೆಯನ್ನು ನೋಡಿದರು, ಆಮೇಲೆ ಇವರ ಮುಖವನ್ನು ನೋಡಿದರು. ದೇವರು ಗುಣ ಮಾಡಲಿ ಎಂದು ಅರಬಿಯಲ್ಲಿ ಹೇಳಿ, ಪಟ್ಟಿಯನ್ನು ತಾವೇ ಮಡಚಿ ಕೈಗಿತ್ತರು. "ಖಲಾಸ್, ಹೋಗು. ಆದರೆ ಇದು ಸೆಕೆಯಾಗುತ್ತದೆ" ಎಂದೂ ಸೇರಿಸಿದರು.

ಅವರ ಮಾತು ನಿಜವಾಯಿತು. ಅಮೆರಿಕದ ತಂಪಿಗೆಂದು ನೇಯ್ದ ಆ ಪಟ್ಟಿ ಮಸ್ಕತ್ತಿನ ಜೂನ್ ತಿಂಗಳಲ್ಲಿ ಹೊಟ್ಟೆಯ ಸುತ್ತ ಇಡ್ಲಿ ಬೇಯಿಸಿತು. ನಾಲ್ಕನೆಯ ದಿನ ಕೆಂಪು ದದ್ದು ಎದ್ದಿತು. ಮುಂದಿನ ಶುಕ್ರವಾರ ಪಾರ್ಕಿನಲ್ಲಿ ಏಳನೆಯ ಸೂರ್ಯ ನಮಸ್ಕಾರದ ಹೊತ್ತಿಗೆ ಪಟ್ಟಿ ಬೆವರಿಗೆ ಜಾರಿ ತೊಡೆಗೆ ಇಳಿಯಿತು. ಮಾಷ್ಟ್ರು ಕಾಲು ಜೋಡಿಸಿಕೊಂಡು, ಇವತ್ತಿಗೆ ಏಳೇ ಸಾಕು, ಅತಿ ಮಾಡಬಾರದು ಎಂದು ಸಾರಿದರು. ಶಿಷ್ಯರು ಆ ಸಂಯಮವನ್ನು ಮೆಚ್ಚಿಕೊಂಡರು.

ಎರಡನೆಯದು ಕಣಕಾಲಿಗೆ ಕಟ್ಟುವಂಥದ್ದು. ಅದಕ್ಕಾಗಿ ಜೆಸ್ಸಿಕಾಳಿಂದ ಉದ್ದದ ಕೊಳವೆ ಕೇಳಿ ತಂದು, ಹೊಟ್ಟೆಯಿಂದ ಪ್ಯಾಂಟಿನೊಳಗೆ ಇಳಿಬಿಟ್ಟು, ಸೇಫ್ಟಿ ಬೂಟಿನ ಮೇಲ್ಗಡೆ ಯಂತ್ರವನ್ನು ಕಟ್ಟಿಕೊಂಡರು. ನಿಂತಾಗ ಬಹಳ ಚೆನ್ನಾಗಿತ್ತು. ನಡೆದಾಗಲೂ ತೊಂದರೆಯಿಲ್ಲ. ಕಂಪನಿಯ ಎತ್ತರದ ಜೀಪು ಹತ್ತುವಾಗ ಮಾತ್ರ ಕೊಳವೆ ಮೊಣಕಾಲಿಗೆ ಸಿಕ್ಕಿ, ಹೊಟ್ಟೆಯ ಅಂಟು ಕಿತ್ತು ಬಂತು. ಅದು ಇವರಿಗೆ ತಿಳಿದದ್ದು ಎರಡು ಗಂಟೆಯ ನಂತರ ಸಕ್ಕರೆ ನಾನೂರಕ್ಕೆ ಏರಿ, ಇಬ್ರಿಯ ರಸ್ತೆಯಲ್ಲಿ ನಾಲಿಗೆ ಒಣಗಿದಾಗ.

ಮೂರನೆಯದನ್ನು ಕಂಕುಳ ಕೆಳಗೆ ತೂಗುಹಾಕಿಕೊಳ್ಳಬೇಕು, ಮೇಲೆ ಕೋಟು ಹಾಕಬೇಕು. ಜುಲೈ ತಿಂಗಳಲ್ಲಿ ಕೋಟು ಹಾಕಿಕೊಂಡು ಸೈಟಿಗೆ ಬಂದ ಸೇಫ್ಟಿ ಆಫೀಸರನ್ನು ನೋಡಿ ಫೋರ್‌ಮನ್ ಅವರನ್ನು ನೆರಳಿಗೆ ಕೂರಿಸಿ ತಲೆಗೆ ನೀರು ಹಾಕಿಸಿದ. ಬಿಸಿಲೇಟಿನ ಮೊದಲ ಲಕ್ಷಣ ಬುದ್ಧಿಭ್ರಮೆ ಎಂದು ಅವನಿಗೆ ಕಲಿಸಿಕೊಟ್ಟವರು ಭಂಡಾರಿಯವರೇ.

"ಇನ್ನು ಯಾವ ಜಾಗ ಉಳಿದದೆ?" ಎಂದು ಕೇಳಿದಳು ಅಕ್ಷಿತಾ. "ತಲೆ ಮೇಲೆ ಇಟ್ಟು ಮುಂಡಾಸು ಸುತ್ತಿಕೊಳ್ಳಿ."

ಆಗ ಅವರಿಗೆ ಕುಂಞಾಲಿ ಬ್ಯಾರಿಗಳ ನೆನಪಾಯಿತು.

ಕುಂಞಾಲಿಯವರು ಉಳ್ಳಾಲದವರು, ಅರುವತ್ತರ ಹತ್ತಿರದ ವಯಸ್ಸು. ಹಮ್ರಿಯಾದ ಒಂದು ಗಲ್ಲಿಯಲ್ಲಿ ಮೂವತ್ತು ವರ್ಷದಿಂದ ಬ್ಯಾಗಿನ ಅಂಗಡಿ ನಡೆಸುತ್ತಿದ್ದರು. ಊರಿಗೆ ಹೋಗುವವರ ಸೂಟ್‌ಕೇಸಿನ ಚಕ್ರ, ಹರಿದ ಜಿಪ್ಪು, ಬೆಲ್ಟಿನ ತೂತು ಎಲ್ಲವೂ ಅವರ ಕೈಗೇ ಬರುತ್ತಿದ್ದವು. ಹಿಂದೊಮ್ಮೆ ಇಂಥ ಅಂಗಡಿಯಲ್ಲಿ ತೊಗಲಿನ ಕೆಲಸ ಕಲಿತವರು. ಈಗ ಆ ಕೆಲಸ ಕೇಳುವವರೇ ಕಡಿಮೆಯಾಗಿದ್ದರು. 'ಕಹಿಯೇ ಸಿಹಿ'ಯಲ್ಲಿ ಅವರು ಶುಕ್ರವಾರ ತಪ್ಪಿಸುವವರಲ್ಲ. ಭಾಷಣದ ಹೊತ್ತಿಗೆ ಮುಂದಿನ ಸಾಲಿನಲ್ಲಿ ಕೂತು, ಅರ್ಥವಾದ ಕಡೆ ತಲೆಯಾಡಿಸುತ್ತಿದ್ದರು, ಅರ್ಥವಾಗದ ಕಡೆ ಇನ್ನೂ ಜೋರಾಗಿ ತಲೆಯಾಡಿಸುತ್ತಿದ್ದರು.

ಒಂದು ಶನಿವಾರ ಬೆಳಗ್ಗೆ ಭಂಡಾರಿಯವರು ಅಂಗಡಿಗೆ ಹೋದರು. ಯಂತ್ರದ ಅಳತೆಗೆ ಸರಿಯಾಗಿ ಕತ್ತರಿಸಿದ ಮರದ ತುಂಡೊಂದನ್ನು ಮೇಜಿನ ಮೇಲಿಟ್ಟರು.

"ಬ್ಯಾರಿಗಳೇ, ಇದಕ್ಕೊಂದು ಚೀಲ ಆಗ್ಬೇಕಿತ್ತು. ಪ್ಯಾಂಟಿನ ಒಳಗಡೆ, ಸೊಂಟಕ್ಕೆ. ಹೊರಗೆ ಕಾಣ್ಬಾರ್ದು."

"ಇದೆಂಥ ಸಾಮಾನು ಮಾಷ್ಟ್ರೇ?"

ಸುಳ್ಳನ್ನು ಅವರು ದಾರಿಯಲ್ಲೇ ಸಿದ್ಧ ಮಾಡಿಕೊಂಡಿದ್ದರು. "ಗ್ಯಾಸ್ ಲೀಕ್ ಆಗ್ತದಾ ಅಂತ ನೋಡುವ ಮೀಟರು. ಸೈಟಿಗೆ ಹೇಳದೆ ಕೇಳದೆ ಹೋಗಿ ಚೆಕ್ ಮಾಡ್ಲಿಕ್ಕೆ ಉಂಟು. ಕಂಡ್ರೆ ಎಲ್ಲರೂ ಹುಷಾರಾಗ್ತಾರೆ."

"ಅಲ್ಲಾ! ಸಿಐಡಿ ಕೆಲಸ" ಎಂದರು ಕುಂಞಾಲಿ, ಬಹಳ ಗೌರವದಿಂದ. "ವಯರು ಉಂಟಾ ಇದಕ್ಕೆ?"

"ಸಣ್ಣ ವಯರು ಒಂದು ಉಂಟು."

"ನೀವು ಜಾಸ್ತಿ ಕೂರುವುದಾ, ನಡೆಯುವುದಾ? ಯಾವ ಕೈಯಲ್ಲಿ ತೆಗೀತೀರಿ? ಬೆವರ್ತದಾ ಸೊಂಟ?"

ಅಮೆರಿಕದ ಗಡ್ಡದವನು ಕೂಡ ಇಷ್ಟು ಕೇಳಿರಲಿಲ್ಲ. ಕುಂಞಾಲಿಯವರು ಟೇಪು ಹಿಡಿದು ಇವರ ಸೊಂಟವನ್ನು ನಿಂತಾಗ ಒಮ್ಮೆ, ಕೂತಾಗ ಒಮ್ಮೆ ಅಳೆದರು. ನಿಂತಾಗ ಇಲ್ಲದ ಎರಡು ಇಂಚು ಕೂತಾಗ ಎಲ್ಲಿಂದ ಬರುತ್ತದೆ, ಬೆಲ್ಟು ಹೊಲಿಯುವವರೆಲ್ಲ ಇದನ್ನೇ ಮರೆಯುವುದು ಎಂದರು. ಒಳಗಿನಿಂದ ಮೆತ್ತಗಿನ ಆಡಿನ ತೊಗಲು ತಂದರು. ಮೈಗೆ ತಾಗುವ ಕಡೆಗೆ ಹಳೆಯ ಹತ್ತಿ ಲುಂಗಿಯ ಅಸ್ತರಿ ಕೊಟ್ಟರು. ಗಾಳಿಯಾಡಲು ಸಾಲಾಗಿ ಸಣ್ಣ ತೂತು ಹೊಡೆದರು, ಮೂಲೆಯಲ್ಲಿ ವಯರಿಗೊಂದು ತೂತು, ಅದರ ಅಂಚು ವಯರನ್ನು ಕೊಯ್ಯದಂತೆ ಸುತ್ತಲೂ ಹೊಲಿಗೆ. ಮೇಲೆ ಒತ್ತುಗುಂಡಿಯ ಮುಚ್ಚಳ.

ಎರಡು ಗಂಟೆಯ ಆ ಕೆಲಸದಲ್ಲಿ ಅವರು ಒಂದೂವರೆ ಲೀಟರಿನ ನೀರಿನ ಬಾಟಲಿ ಎರಡನ್ನು ಖಾಲಿ ಮಾಡಿದರು. ನಾಲ್ಕು ಸಲ ಎದ್ದು ಪಕ್ಕದ ಕಟ್ಟಡದ ಶೌಚಾಲಯಕ್ಕೆ ಹೋಗಿಬಂದರು. ಸೂಜಿಗೆ ದಾರ ಪೋಣಿಸುವಾಗ ಕಣ್ಣು ಮಂಜು ಎಂದು ಮೂರು ಸಲ ಕನ್ನಡಕ ಒರೆಸಿದರು. ಭಂಡಾರಿಯವರು ಎಲ್ಲವನ್ನೂ ಕೂತಲ್ಲಿಂದಲೇ ನೋಡಿದರು. ಇದೆಲ್ಲ ಎಂಥದ್ದರ ಗುರುತೆಂದು ಏಪ್ರಿಲ್ ತಿಂಗಳಿಂದ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಚೀಲ ಸೊಂಟಕ್ಕೆ ಸರಿಯಾಗಿ ಕೂತಿತು. ಬಗ್ಗಿದರು, ಎದ್ದರು, ಒಂದು ಸೂಟ್‌ಕೇಸನ್ನು ತಲೆಯ ಮೇಲಕ್ಕೆ ಎತ್ತಿದರು. ಅಲುಗಲಿಲ್ಲ, ಒತ್ತಲಿಲ್ಲ, ಉಬ್ಬು ಕಾಣಲಿಲ್ಲ. ಎಷ್ಟಾಯಿತು ಎಂದು ಕೇಳಿದಾಗ ಕುಂಞಾಲಿಯವರು ಎರಡೂ ಕೈ ಅಡ್ಡ ಹಿಡಿದರು.

"ನಿಮ್ಮತ್ರ ತಗೊಳ್ಳುವುದಾ? ನನ್ಗೆ ಜೀವ ಕೊಟ್ಟವರು ನೀವು. ಇಪ್ಪತ್ತು ದಿನ ಆಯ್ತು ಮಾಷ್ಟ್ರೇ, ಇನ್ಸುಲಿನ್ ಸೂಜಿ ಬಿಟ್ಟೇಬಿಟ್ಟೆ. ಬರೀ ರಸ. ಮನೆಯಲ್ಲಿ ಐಶಮ್ಮನಿಗೂ ಹೇಳಿಲ್ಲ."

ಭಂಡಾರಿಯವರು ಬಾಯಿ ತೆರೆದರು.

"ಒಮ್ಮೆ ಡಾಕ್ಟರನ್ನು ಕೇಳಿದ್ರೆ ಒಳ್ಳೇದಿತ್ತು..."

ಕುಂಞಾಲಿ ನಕ್ಕರು. "ನನ್ನನ್ನು ಪರೀಕ್ಷೆ ಮಾಡ್ತೀರಾ? ಡಾಕ್ಟರನ್ನು ಕೇಳಿದ್ರೆ ಸೂಜಿಯೇ ಹೇಳ್ತಾನೆ ಅಂತ ನೀವೇ ಹೇಳಿದ್ದಲ್ವಾ?"

ಹೇಳಿದ್ದು ಹೌದು. ಅದರ ವಿಡಿಯೊವೂ ಇತ್ತು. ಭಂಡಾರಿಯವರು ಥ್ಯಾಂಕ್ಸ್ ಹೇಳಿ ಕಾರಿಗೆ ಬಂದು, ಜೇಬಿನಲ್ಲಿದ್ದ ಯಂತ್ರವನ್ನು ಹೊಸ ಚೀಲಕ್ಕೆ ಸೇರಿಸಿದರು. ಮನೆಗೆ ಹೋಗುವ ದಾರಿಯುದ್ದಕ್ಕೂ ತಾವು ಹೇಳಿದ ಮಾತಿನಲ್ಲಿ ಎಚ್ಚರಿಕೆ ಸಾಕಷ್ಟಿತ್ತು ಎಂದು ತಮಗೇ ವಿವರಿಸಿಕೊಂಡರು. ಮೂರು ಸಲ ಫೋನ್ ತೆಗೆದು ಕುಂಞಾಲಿಯವರ ನಂಬರ್ ಒತ್ತಿ, ರಿಂಗ್ ಆಗುವ ಮೊದಲೇ ಕಡಿದರು. ಕೊನೆಗೆ ಗುಂಪಿಗೆ ಒಂದು ಸಂದೇಶ ಹಾಕಿದರು. ತಾವರೆ ಹೂವಿನ ಚಿತ್ರ, ಅದರ ಕೆಳಗೆ 'ಪ್ರತಿಯೊಬ್ಬರ ಶರೀರವೂ ಬೇರೆ ಬೇರೆ. ವಿವೇಕವಿರಲಿ.' ಅರ್ಧ ಗಂಟೆಯಲ್ಲಿ ತೊಂಬತ್ತು ಜನ ಕೈಮುಗಿದರು. ಮೊದಲು ಕೈಮುಗಿದವರು ಕುಂಞಾಲಿ.

ಹೀಗೆ ಒಬ್ಬ ಸೇಫ್ಟಿ ಆಫೀಸರು ತನ್ನ ಕರ್ತವ್ಯ ಮುಗಿಸಿದ.

ಮುಂದಿನ ಶುಕ್ರವಾರ ಕುಂಞಾಲಿಯವರು ಪಾರ್ಕಿಗೆ ಬರುವಾಗಲೇ ಗೋಡೆ ಹಿಡಿದುಕೊಂಡು ಬಂದರು. ಮುಂದಿನ ಸಾಲಿನಲ್ಲಿ ಕೂತವರು ನಮಸ್ಕಾರಕ್ಕೆ ಏಳಲಿಲ್ಲ. ಯಾರೋ ಏನಾಯಿತು ಎಂದು ಕೇಳಿದ್ದಕ್ಕೆ, ಸೂಟ್‌ಕೇಸಿನ ಚಕ್ರ ನಾಳೆ ಕೊಡುತ್ತೇನೆ ಎಂದು ಉತ್ತರಿಸಿದರು. ತುಟಿ ಒಡೆದಿತ್ತು. ಒಬ್ಬರು ಓಡಿಹೋಗಿ ಒಂದು ಲೋಟ ಹಾಗಲಕಾಯಿ ರಸ ತಂದರು. ಇನ್ನೊಬ್ಬರು, ಇದು ಒಳಗಿನ ವಿಷ ಹೊರಗೆ ಹೋಗುವ ಲಕ್ಷಣ, ಮಾಷ್ಟ್ರ ಮೂರನೇ ವಿಡಿಯೊದಲ್ಲಿ ಉಂಟು ಎಂದು ಧೈರ್ಯ ಹೇಳಿದರು.

ಅಂದು ಜೊತೆಗೆ ಬಂದಿದ್ದ ಅಕ್ಷಿತಾ ಗಂಡನ ಮುಖ ನೋಡಿದಳು. ಆ ಮುಖದಲ್ಲಿ ಆಶ್ಚರ್ಯ ಇರಲಿಲ್ಲ. ಅದು ಅವಳಿಗೆ ಸಾಕಾಯಿತು.

"ನಿಮ್ಗೆ ಮೊದಲೇ ಗೊತ್ತಿತ್ತಾ?"

ಅವಳು ರಸದ ಲೋಟವನ್ನು ಆ ಮನುಷ್ಯನ ಕೈಯಿಂದ ಕಿತ್ತು ಹುಲ್ಲಿಗೆ ಚೆಲ್ಲಿದಳು. ತನ್ನ ಚೀಲದಿಂದ ಗಂಡನ ಸಕ್ಕರೆ ಮೀಟರು ತೆಗೆದು ಕುಂಞಾಲಿಯವರ ಬೆರಳು ಚುಚ್ಚಿದಳು. ಮೀಟರಿನಲ್ಲಿ ಅಂಕಿ ಬರಲಿಲ್ಲ. ಎಚ್, ಐ ಎಂಬ ಎರಡು ಇಂಗ್ಲಿಷ್ ಅಕ್ಷರ ಬಂದವು. ಹೈ, ಅಂದರೆ ಅಳತೆಗೆ ಸಿಗದಷ್ಟು ಮೇಲೆ ಎಂದು ಅದರ ಅರ್ಥ. ಇಣುಕಿ ನೋಡಿದವರೊಬ್ಬರು, ಯಂತ್ರ ಒಳ್ಳೆಯದುಂಟು, ಹಾಯ್ ಹೇಳ್ತದೆ ಎಂದರು.

"ಕಾರು ತೆಗೀರಿ, ಯಲ್ಲಾ, ಬೇಗ!" ಎಂದು ಅಕ್ಷಿತಾ ಕೂಗಿದಳು. ಭಂಡಾರಿಯವರು ಆ ವಾರ ಮೊದಲ ಸಲ ಓಡಿದರು.

ಆಸ್ಪತ್ರೆಯಲ್ಲಿ ಕುಂಞಾಲಿಯವರನ್ನು ಒಳಗೆ ಕರೆದುಕೊಂಡು ಹೋಗಿ ಎರಡೂ ಕೈಗೆ ನಳಿಗೆ ಹಾಕಿದರು. ಅಕ್ಷಿತಾ ಕಾಗದಪತ್ರದ ಕಿಟಕಿಗೆ ಹೋದಳು. ಹೊರಗೆ ಸಾಲು ಕುರ್ಚಿಯಲ್ಲಿ ಭಂಡಾರಿಯವರು ಒಬ್ಬರೇ ಕೂತಿದ್ದಾಗ ಕುಂಞಾಲಿಯವರ ಹೆಂಡತಿ ಐಶಮ್ಮ ಬಂದರು. ದಡೂತಿ ಹೆಂಗಸು, ಏದುಸಿರು ಬಿಡುತ್ತಿದ್ದರು. ಒಂದು ಚಪ್ಪಲಿ ತಮ್ಮದು, ಇನ್ನೊಂದು ಗಂಡನದು. ಡಾಕ್ಟರು ಹೊರಗೆ ಬಂದು, ಇವರು ಇನ್ಸುಲಿನ್ ನಿಲ್ಲಿಸಿ ಎಷ್ಟು ದಿನವಾಯಿತು ಎಂದು ಕೇಳಿದಾಗ ಐಶಮ್ಮನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ.

"ನಿಲ್ಲಿಸಿಲ್ಲ. ದಿನಾ ಫ್ರಿಜ್ಜಿನಿಂದ ತೆಗೀತಾರೆ, ನಾನೇ ನೋಡ್ತೇನೆ."

"ಇಪ್ಪತ್ತಾರು ದಿನ" ಎಂದರು ಭಂಡಾರಿಯವರು.

ಡಾಕ್ಟರು ಒಳಗೆ ಹೋದರು. ಐಶಮ್ಮ ಇವರ ಕಡೆ ತಿರುಗಿ ಏನೋ ಕೇಳಬೇಕೆನ್ನುವಷ್ಟರಲ್ಲಿ ಭಂಡಾರಿಯವರ ಸೊಂಟದೊಳಗೆ ಕೀಂ ಕೀಂ ಎಂದು ಶಬ್ದವಾಯಿತು. ಪಂಪಿನೊಳಗಿನ ಇನ್ಸುಲಿನ್ ಮುಗಿಯುತ್ತಾ ಬಂದಿದೆ ಎಂಬ ಸೂಚನೆ. ಅವರು ಕೈಯಿಂದ ಒತ್ತಿ ಹಿಡಿದರು. ಅದು ಇನ್ನೂ ಗಟ್ಟಿಯಾಗಿ ಕೂಗಿತು.

"ಫೋನ್ ಬರ್ತಾ ಉಂಟು ಮಾಷ್ಟ್ರೇ. ತೆಗೀರಿ. ಪಾರ್ಕಿನವರೇ ಇರ್ಬೇಕು."

"ಫೋನಲ್ಲ ಐಶಮ್ಮ."

ಇನ್ನೊಂದು ಸುಳ್ಳು ಹೇಳಬಹುದಿತ್ತು. ಗ್ಯಾಸ್ ಮೀಟರು ಇನ್ನೂ ಕೈಯಳತೆಯಲ್ಲೇ ಇತ್ತು. ಆದರೆ ಎದುರಿಗೆ ಆ ಜೋಡಿಯಿಲ್ಲದ ಚಪ್ಪಲಿಗಳು ಕಾಣುತ್ತಿದ್ದವು. ಅವರು ಅಂಗಿ ಎತ್ತಿದರು. ಕುಂಞಾಲಿಯವರು ಮುಚ್ಚಳಕ್ಕೆ ಎಷ್ಟು ಭದ್ರವಾದ ಗುಂಡಿ ಹಾಕಿದ್ದರೆಂದರೆ ಅದನ್ನು ತೆಗೆಯಲು ಬೆವರುಗೈಯಲ್ಲಿ ಮೂರು ಸಲ ಎಳೆಯಬೇಕಾಯಿತು. ಯಂತ್ರ ಹೊರಗೆ ಬಂತು, ಅದರ ಹಿಂದೆ ಕೊಳವೆ, ಕೊಳವೆಯ ಕೊನೆಯಲ್ಲಿ ಹೊಟ್ಟೆ.

ಐಶಮ್ಮ ಮೊದಲು ಗುರುತು ಹಿಡಿದದ್ದು ಹೊಲಿಗೆಯನ್ನು. "ಇದು ಇವರ ಕೈಕೆಲಸ. ಆ ಲುಂಗಿ ನಮ್ಮದು."

"ಹೌದು."

"ಇದೆಂಥ ಯಂತ್ರ?"

"ಇನ್ಸುಲಿನ್. ಮೂರು ತಿಂಗಳಾಯ್ತು. ಇದಿಲ್ಲದಿದ್ರೆ ನಾನು ಎರಡು ದಿನ ಬದುಕುದಿಲ್ಲ."

ಐಶಮ್ಮ ಆ ಲುಂಗಿಯ ಬಟ್ಟೆಯನ್ನು ಬೆರಳಿನಿಂದ ಒಮ್ಮೆ ಸವರಿದರು. ಆಮೇಲೆ ದನಿ ಏರಿಸದೆ ಕೇಳಿದರು.

"ನಿಮ್ಗೆ ಇನ್ಸುಲಿನ್, ನನ್ನ ಗಂಡನಿಗೆ ಹಾಗಲಕಾಯಿ. ಅಲ್ವಾ ಮಾಷ್ಟ್ರೇ?"

ಭಂಡಾರಿಯವರ ಹತ್ತಿರ ಎಲ್ಲ ಪ್ರಶ್ನೆಗೂ ಒಂದು ವಿಡಿಯೊ ಇತ್ತು. ಇದಕ್ಕಿರಲಿಲ್ಲ. ಕಣ್ಣಲ್ಲಿ ನೀರು ಬಂತು. ಅದನ್ನು ನೋಡಿ ಐಶಮ್ಮನ ಮನಸ್ಸು ಕರಗುತ್ತದೆ ಎಂದು ಅವರು ಎಣಿಸಿದ್ದರೆ ಅದು ಆಗಲಿಲ್ಲ.

"ಅಳುವುದು ಮನೆಯಲ್ಲಿ. ಈಗ ಫೋನ್ ತೆಗೀರಿ. ಹಾಗೆ ಬಿಟ್ಟವರು ಇನ್ನೂ ಎಷ್ಟು ಜನ ಇದ್ದಾರೋ. ನೀವೇ ಬರೀತೀರಾ, ನಾನು ಮಾತಾಡಿ ಕಳಿಸ್ಬೇಕಾ?"

ಅವರು ಬರೆದರು. ಹೂವಿನ ಚಿತ್ರ ಇರಲಿಲ್ಲ. ತನಗೆ ಏನಾಗಿದೆ, ಎಂದಿನಿಂದ ಪಂಪ್ ಇದೆ, ಯಾರಿಗೆಲ್ಲ ಸುಳ್ಳು ಹೇಳಿದೆ, ಕುಂಞಾಲಿಯವರು ಈಗ ಎಲ್ಲಿದ್ದಾರೆ, ಇನ್ಸುಲಿನ್ ನಿಲ್ಲಿಸಿದವರು ಈ ಕ್ಷಣವೇ ಡಾಕ್ಟರ ಹತ್ತಿರ ಹೋಗಬೇಕು. ಐಶಮ್ಮ ಓದಿಸಿ ಕೇಳಿ, 'ಕ್ಷಮಿಸಿ' ಎಂಬುದನ್ನು ಕೊನೆಯಿಂದ ತೆಗೆದು ಮೊದಲಿಗೆ ಹಾಕಿಸಿದರು. ಯಂತ್ರವನ್ನು ಕೈಯಲ್ಲಿ ಹಿಡಿದ ಫೋಟೊವನ್ನು ಹಿಂತಿರುಗಿ ಬಂದ ಅಕ್ಷಿತಾ ತೆಗೆದಳು.

ಗುಂಪಿನಲ್ಲಿ ಐದೇ ನಿಮಿಷದಲ್ಲಿ ಉತ್ತರಗಳು ಬರತೊಡಗಿದವು. ಮಾಷ್ಟ್ರ ಫೋನನ್ನು ಯಾರೋ ಕದ್ದಿದ್ದಾರೆ ಎಂದು ಒಬ್ಬರು ಬರೆದರು. ಔಷಧ ಕಂಪನಿಯವರು ಮಾಷ್ಟ್ರನ್ನು ಕೊಂಡುಕೊಂಡಿದ್ದಾರೆ ಎಂದು ಇನ್ನೊಬ್ಬರು. ಪಂಪ್ ಇದ್ದರೂ ಇಷ್ಟು ಆರೋಗ್ಯವಾಗಿರುವುದಕ್ಕೆ ಹಾಗಲಕಾಯಿಯೇ ಕಾರಣವಿರಬೇಕಲ್ಲ ಎಂದು ಮಗದೊಬ್ಬರು ತರ್ಕಿಸಿದರು. ಹದಿನೇಳು ಜನ ಮಾತ್ರ ಗುಂಪಿನಲ್ಲಿ ಏನೂ ಹೇಳದೆ ಭಂಡಾರಿಯವರಿಗೆ ಬೇರೆಯಾಗಿ ಫೋನ್ ಮಾಡಿ, ತಾವೂ ನಿಲ್ಲಿಸಿದ್ದೆವು, ಈಗ ಎಂಥ ಮಾಡುವುದು ಎಂದು ಕೇಳಿದರು. ಹದಿನೇಳನೆಯ ಫೋನ್ ಮುಗಿದ ಮೇಲೆ ಭಂಡಾರಿಯವರು ಕಾರಿನೊಳಗೆ ಹೋಗಿ ಸ್ವಲ್ಪ ಹೊತ್ತು ಬಾಗಿಲು ಹಾಕಿಕೊಂಡು ಕೂತರು. ಸಂಜೆಯ ಹೊತ್ತಿಗೆ ಅವರನ್ನು ಅವರದೇ ಗುಂಪಿನಿಂದ ತೆಗೆದುಹಾಕಲಾಗಿತ್ತು. ಈಗ ಅಲ್ಲಿ ನುಗ್ಗೆಸೊಪ್ಪಿನ ಒಬ್ಬರು ಮಾಷ್ಟ್ರಾಗಿದ್ದಾರೆ.

ಕುಂಞಾಲಿಯವರು ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದರು. ಸಕ್ಕರೆ ಏರಿದ್ದ ದಿನಗಳಲ್ಲಿ ಕಾಲಿನ ಹೆಬ್ಬೆರಳಿಗೆ ಆಗಿದ್ದ ಹುಣ್ಣು ಮಾಯಲು ಇನ್ನೂ ಎರಡು ತಿಂಗಳು ಹಿಡಿಯಿತು. ಅಷ್ಟು ದಿನವೂ ಭಂಡಾರಿಯವರು ಆಫೀಸು ಮುಗಿಸಿ ದಿನಾ ಅಂಗಡಿಗೆ ಹೋಗಿ ಬಾಗಿಲು ತೆರೆದು ಕೂರುತ್ತಿದ್ದರು. ಯಾರೂ ಹಾಗೆ ಹೇಳಿರಲಿಲ್ಲ, ಯಾರೂ ಬೇಡವೆನ್ನಲೂ ಇಲ್ಲ. ಕುಂಞಾಲಿಯವರು ಮೊದಲ ಸಲ ಅಂಗಡಿಗೆ ಬಂದ ದಿನ ಅವರ ಮುಖ ನೋಡದೆ ಕುರ್ಚಿಯಲ್ಲಿ ಕೂತು, ಕೈ ಚಾಚಿದರು.

"ಕೊಡಿ ಇಲ್ಲಿ ಆ ಚೀಲ."

ಕಿತ್ತುಕೊಳ್ಳುತ್ತಾರೆ ಎಂದುಕೊಂಡು ಭಂಡಾರಿಯವರು ತೆಗೆದುಕೊಟ್ಟರು. ಕುಂಞಾಲಿ ತಿರುಗಿಸಿ ಮುರುಗಿಸಿ ನೋಡಿದರು.

"ಗ್ಯಾಸ್ ಮೀಟರಂತೆ! ನಿಜ ಹೇಳಿದ್ರೆ ನಾನು ಯಂತ್ರದ ಪರದೆ ಕಾಣುವ ಹಾಗೆ ಎದುರು ಕಿಟಕಿ ಇಡ್ತಿದ್ದೆ. ಗುಂಡಿ ಒಂದೇ ಕೈಯಲ್ಲಿ ತೆಗೆಯುವ ಹಾಗೆ ಹಾಕ್ತಿದ್ದೆ. ಇದು ಈಗ ಹಾಳು ಕೆಲಸ. ಸುಳ್ಳಿನ ಅಳತೆಗೆ ಹೊಲಿದದ್ದು."

ಅವರು ಜೀವದ ವಿಷಯ ಎತ್ತಲಿಲ್ಲ. ಬೈದದ್ದು ಹೊಲಿಗೆಯ ವಿಷಯಕ್ಕೆ ಮಾತ್ರ. ಭಂಡಾರಿಯವರಿಗೆ ಐಶಮ್ಮನ ಮಾತಿಗಿಂತ ಅದೇ ಹೆಚ್ಚು ನೋವಾಯಿತು.

ಕಿಟಕಿಯಿರುವ ಹೊಸ ಚೀಲ ಮೂರು ದಿನದಲ್ಲಿ ಸಿದ್ಧವಾಯಿತು. ತಪಾಸಣೆಗೆ ಹೋದಾಗ ಅದನ್ನು ನೋಡಿದ ಜೆಸ್ಸಿಕಾ, ಪಂಪ್ ಕಂಪನಿಯವರು ಕೊಡುವುದಕ್ಕಿಂತ ಇದು ಲೇಸು, ಎಲ್ಲಿ ಸಿಗುತ್ತದೆ ಎಂದು ಕೇಳಿ ವಿಳಾಸ ಬರೆದುಕೊಂಡಳು. ಮುಂದಿನ ಶನಿವಾರ ಅಂಗಡಿಗೆ ಇಬ್ಬರು ಬಂದರು, ಅದರ ಮುಂದಿನ ವಾರ ಆರು ಜನ. ಓಮಾನಿಗಳು, ಮಲಯಾಳಿಗಳು, ಫಿಲಿಪೀನಿನವರು. ಚೀಲವನ್ನು ಮೇಜಿನ ಮೇಲಿಟ್ಟು ತೋರಿಸಿದರೆ ಅದು ಮೈಮೇಲೆ ಹೇಗೆ ಕೂರುತ್ತದೆ ಎಂದು ಯಾರಿಗೂ ತಿಳಿಯುತ್ತಿರಲಿಲ್ಲ. ಹಾಗಾಗಿ ಶನಿವಾರಗಳಲ್ಲಿ ಭಂಡಾರಿಯವರು ಮೇಜಿನ ಪಕ್ಕ ಸ್ಟೂಲಿನ ಮೇಲೆ ಕೂರಬೇಕೆಂದು ಐಶಮ್ಮ ತೀರ್ಮಾನ ಮಾಡಿದರು. ಅವರೇ ಈಗ ಅಂಗಡಿಯ ಗಲ್ಲೆಯಲ್ಲಿ ಕೂರುತ್ತಿದ್ದರು, ಗಂಡನ ಸೂಜಿಯ ಹೊತ್ತನ್ನೂ ಅವರೇ ನೋಡಿಕೊಳ್ಳುತ್ತಿದ್ದರು.

ಮೊನ್ನೆ ಇಬ್ರಿಯಿಂದ ಒಬ್ಬ ತಾಯಿ, ಹತ್ತು ವರ್ಷದ ಮಗಳನ್ನು ಕರೆದುಕೊಂಡು ಬಂದಳು. ಮಗಳ ಶಾಲೆಯ ಯೂನಿಫಾರ್ಮಿನೊಳಗೆ ಪಂಪ್ ಇಡುವುದು ಹೇಗೆಂದು ಅವಳಿಗೆ ಚಿಂತೆ. ಭಂಡಾರಿಯವರು ಸ್ಟೂಲಿನಿಂದ ಎದ್ದು, ಗಂಟಲು ಸರಿಮಾಡಿಕೊಂಡು, ನೋಡಿ ಸಿಸ್ಟರ್, ಮೊದಲನೆಯದಾಗಿ ಸಕ್ಕರೆ ಕಾಯಿಲೆ ಎಂದರೇನು ಎಂದು ನಾವು ಅರ್ಥ ಮಾಡಿಕೊಳ್ಳಬೇಕು ಎಂದು ಇಂಗ್ಲಿಷಿನಲ್ಲಿ ಶುರುಮಾಡಿದರು.

"ಮಾತು ಬೇಡ ಮಾಷ್ಟ್ರೇ" ಎಂದರು ಐಶಮ್ಮ ಗಲ್ಲೆಯಿಂದಲೇ. "ಅಂಗಿ ಎತ್ತಿ, ಸಾಕು."